ಪಕ್ಕದ ಮನೆಯ ಏರಿಯಲ್

ತಾರಸಿಯ ಮೇಲಿನ ಆಂಟೆನಾ ಒಂದೇ ಟಿ.ವಿ.ಗೆ ಗತಿಯಾಗಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ತೆರೆಯ ಮೇಲೆ ಓರೆ ಗೆರೆಗಳು ಮೂಡಿದರೆ ಮೊದಲು ಆಂಟೆನಾ ತಿರುಗಿಸುತ್ತಿದ್ದೆವು. ಅದರಿಂದಲೂ ಆಗದಿದ್ದರೆ, ಬೀದಿಯಲ್ಲಿ ಯಾರ ಮನೆಯ ಮೇಲೆ ಉದ್ದನೆಯ ತಂತಿ ಕಟ್ಟಿದೆ ಎಂದು ಹುಡುಕುತ್ತಿದ್ದೆವು. ಅಲ್ಲೊಬ್ಬ ಹವ್ಯಾಸಿ ರೇಡಿಯೋದವನು, ಅಂದರೆ ಹ್ಯಾಮ್, ಇದ್ದರೆ ಮುಗಿಯಿತು. ಅಪರಾಧಿ ಸಿಕ್ಕಂತೆಯೇ!

ಆತ ನಿಜವಾಗಿ ಅಪರಾಧಿಯೇ? ಎರಡನೆಯ ಮಹಾಯುದ್ಧ ಮುಗಿದು ಅಮೆರಿಕದ ಮನೆಗಳಿಗೆ ಟಿ.ವಿ. ಬಂದಾಗ ಈ ಪ್ರಶ್ನೆ ನೆರೆಹೊರೆಯಲ್ಲಿ ದೊಡ್ಡ ಜಗಳಗಳನ್ನೇ ಎಬ್ಬಿಸಿತು.

ಹ್ಯಾಮ್‌ಗಳಿಗೆ ದೂರು ಹೊಸದೇನಲ್ಲ. 1912ರಲ್ಲೇ ಅಮೆರಿಕ ಸರ್ಕಾರ ಕಾನೂನು ಮಾಡಿ ಅವರನ್ನು 200 ಮೀಟರಿಗಿಂತ ಕಿರಿದಾದ ತರಂಗಾಂತರಗಳಿಗೆ ಅಟ್ಟಿತ್ತು. ಅದು ದೂರಸಂಪರ್ಕಕ್ಕೆ ಬಾರದ ಮೂಲೆ ಎಂಬುದು ಆಗಿನ ನಂಬಿಕೆ. 1923ರ ನವೆಂಬರಿನಲ್ಲಿ ಅದೇ ಮೂಲೆಯಿಂದ, ಸುಮಾರು 110 ಮೀಟರಿನಲ್ಲಿ, ಅಮೆರಿಕದ ಹ್ಯಾಮ್‌ಗಳು ಫ್ರಾನ್ಸಿನ ಲಿಯಾನ್ ಡೆಲಾಯ್ ಜೊತೆ ಅಟ್ಲಾಂಟಿಕ್ ದಾಟಿ ಸಂಕೇತ ವಿನಿಮಯ ಮಾಡಿಕೊಂಡರು!

ಟಿ.ವಿ.ಯ ಜಗಳದ ಹಿಂದೆ ಇದ್ದದ್ದು ಮಗ್ಗಿಯ ಲೆಕ್ಕ. ವೀಣೆಯ ತಂತಿ ಮೀಟಿದರೆ ಮೂಲ ಸ್ವರದೊಂದಿಗೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನಗಳೂ ಸಣ್ಣಗೆ ಹೊಮ್ಮುತ್ತವಲ್ಲವೇ? ಪ್ರೇಷಕ ಯಂತ್ರವೂ ಹಾಗೆಯೇ. ಅಮೆರಿಕದ ಎರಡನೆಯ ಚಾನೆಲ್ 54ರಿಂದ 60 ಮೆಗಾಹರ್ಟ್ಸ್‌ವರೆಗಿತ್ತು. ಹ್ಯಾಮ್‌ಗಳ ಪಟ್ಟಿಗಳಲ್ಲಿ 28ರ ಎರಡು ಪಟ್ಟು 56, 14ರ ನಾಲ್ಕು ಪಟ್ಟೂ 56. ನಮ್ಮ ದೇಶ ಅನುಸರಿಸಿದ ಪದ್ಧತಿಯಲ್ಲಿ ನಾಲ್ಕನೆಯ ಚಾನೆಲ್ 61ರಿಂದ 68. 21ರ ಮೂರು ಪಟ್ಟು 63. ಇಲ್ಲಿ ತಪ್ಪು ಹ್ಯಾಮ್‌ನದೇ. ಯಂತ್ರವನ್ನು ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿ, ಹೊರಬರುವ ಪ್ರತಿ ತಂತಿಗೂ ಸೋಸುಕ ಹಾಕಿ ಇದನ್ನು ಸರಿಪಡಿಸುವುದನ್ನು ಅವರು ಕಲಿತರು.

ಆದರೆ 1952ರಲ್ಲಿ ಅಮೆರಿಕದ ಹ್ಯಾಮ್‌ಗಳಿಗೆ 21 ಮೆಗಾಹರ್ಟ್ಸ್ ಪಟ್ಟಿ ದೊರೆತಾಗ ಕಥೆ ತಿರುಗಿತು. ಪ್ರೇಷಕ ಎಷ್ಟೇ ಶುದ್ಧವಾಗಿದ್ದರೂ ಪಕ್ಕದ ಮನೆಯ ಚಿತ್ರ ಕೆಡುತ್ತಿತ್ತು. ಕಾರಣ ಟಿ.ವಿ.ಯ ಹೊಟ್ಟೆಯೊಳಗೇ ಇತ್ತು. ಬಂದ ಸಂಕೇತವನ್ನು ಅಂದಿನ ಅನೇಕ ಸೆಟ್ಟುಗಳು 21ರಿಂದ 26 ಮೆಗಾಹರ್ಟ್ಸ್ ನಡುವಿನ ಮಧ್ಯಂತರ ಕಂಪನಾಂಕಕ್ಕೆ ಇಳಿಸಿ ವರ್ಧಿಸುತ್ತಿದ್ದವು. ತಯಾರಕರು ಅದನ್ನು 41–46 ಮೆಗಾಹರ್ಟ್ಸ್‌ಗೆ ಏರಿಸಬೇಕಾಯಿತು. ಹೊಸ ಸೆಟ್ಟು ಕೊಂಡು ಬೀಗುತ್ತಿದ್ದವನಿಗೆ ಇದನ್ನು ಯಾರು ಹೇಳಬೇಕು? ಜಾಣ ಹ್ಯಾಮ್ ತನ್ನ ಮನೆಯ ಟಿ.ವಿ.ಯನ್ನೇ ಪ್ರೇಷಕದ ಪಕ್ಕ ಇಟ್ಟು, ಚಿತ್ರ ಕೆಡದಿರುವುದನ್ನು ತೋರಿಸುತ್ತಿದ್ದ.

"ಅರ್ತಿಂಗ್ ಸರಿಯಾಗಿದ್ದರೆ ಸಾಲದೇ?" ಎಂದು ನೀವು ಕೇಳಬಹುದು. ಅರ್ತಿಂಗಿನ ಚರಿತ್ರೆ ಹಳೆಯದು. 1838ರಲ್ಲಿ ಜರ್ಮನಿಯ ಸ್ಟೈನ್‌ಹೈಲ್, ಟೆಲಿಗ್ರಾಫಿನ ಎರಡು ತಂತಿಗಳಲ್ಲಿ ಒಂದರ ಕೆಲಸವನ್ನು ಭೂಮಿಯೇ ಮಾಡಬಲ್ಲದೆಂದು ತೋರಿಸಿದ. 1895ರಲ್ಲಿ ಮಾರ್ಕೋನಿ ಏರಿಯಲ್ಲನ್ನು ಎತ್ತರಕ್ಕೇರಿಸಿ ಇನ್ನೊಂದು ತುದಿಯನ್ನು ನೆಲಕ್ಕೆ ಜೋಡಿಸಿದಾಗ ಸಂಕೇತ ಗುಡ್ಡದಾಚೆಗೂ ಕೇಳಿಸಿತು. ಅಂದಿನಿಂದ ಅರ್ತಿಂಗ್ ಸರ್ವರೋಗಕ್ಕೂ ಮದ್ದೆಂಬ ನಂಬಿಕೆ ಬೆಳೆದಿರಬೇಕು.

ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಸುರಿಯುವ ನಮ್ಮ ಅರ್ತ್ ಗುಂಡಿ 50 ಹರ್ಟ್ಸ್ ವಿದ್ಯುತ್ತಿನ ಆಘಾತದಿಂದ ಜೀವ ಉಳಿಸುತ್ತದೆ. ಅದನ್ನು ಎಂದೂ ಕಳಚಬಾರದು. ಆದರೆ 14 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 21 ಮೀಟರ್. ಅದರ ಕಾಲುಭಾಗ 5 ಮೀಟರಿಗಿಂತ ಸ್ವಲ್ಪ ಹೆಚ್ಚು. ಮೊದಲ ಮಹಡಿಯ ಕೋಣೆಯಿಂದ ಅಷ್ಟೇ ಉದ್ದದ ತಂತಿ ನೆಲಕ್ಕೆ ಇಳಿದರೆ, ಅದರ ಬುಡ ಶಾಂತ, ತಲೆ ಬಿಸಿ! ಅದೇ ಇನ್ನೊಂದು ಏರಿಯಲ್ ಆಗಿಬಿಡುತ್ತದೆ. ಮೈಕಿನ ಲೋಹಕ್ಕೆ ತುಟಿ ತಾಗಿದರೆ ಚುರ್ರೆನ್ನುತ್ತದೆ. ಗುಂಡಿಗೆ ಇನ್ನಷ್ಟು ಉಪ್ಪು ಸುರಿದು ಪ್ರಯೋಜನವಿಲ್ಲ. ಮೇಜಿನ ಮೇಲಿನ ಪೆಟ್ಟಿಗೆಗಳನ್ನೆಲ್ಲ ಅಗಲವಾದ ಒಂದೇ ತಾಮ್ರದ ಪಟ್ಟಿಗೆ ಗಿಡ್ಡ ತಂತಿಗಳಿಂದ ಸೇರಿಸಬೇಕು. ಏರಿಯಲ್ಲಿನ ಎರಡೂ ಭುಜಗಳಿಗೆ ಸಮನಾಗಿ ವಿದ್ಯುತ್ ಹರಿಯುವಂತೆ ನೋಡಿಕೊಳ್ಳಬೇಕು.

ಈಚಿನ ವರ್ಷಗಳಲ್ಲಿ ದೂರು ತಿರುವುಮುರುವಾಗಿದೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರುಗಳ ಗೊರಗೊರ ಸದ್ದಿನಲ್ಲಿ ದೂರದ ಸಂಕೇತ ಮುಳುಗಿಹೋಗುತ್ತಿದೆಯೆಂದು ಹ್ಯಾಮ್‌ಗಳೇ ದೂರುತ್ತಾರೆ. ಅಂಥವರೊಬ್ಬರು ನಿಮ್ಮ ಬಾಗಿಲು ತಟ್ಟಿದರೆ, ಬ್ಯಾಟರಿ ರೇಡಿಯೋ ಹಚ್ಚಿಟ್ಟು, ಮನೆಯ ಮೇನ್ ಸ್ವಿಚ್ಚನ್ನು ಒಂದು ನಿಮಿಷ ಆರಿಸಿ ನೋಡಿ. ಸದ್ದು ನಿಂತರೆ, ಹುಡುಕಬೇಕಾದ್ದು ನಿಮ್ಮ ಮನೆಯೊಳಗೇ.