ಚಾಪೆ, ನೀರು ಮತ್ತು ನಂಬಿಕೆ: ಹಳೆಯ ಗ್ರಂಥಾಲಯಗಳಿಂದ ನಮ್ಮ ಶಾಲೆಗಳಿಗೊಂದು ಪಾಠ



ನಿಮ್ಮ ಊರಿನ ಶಾಲೆಯ ಗ್ರಂಥಾಲಯವನ್ನು ಒಮ್ಮೆ ನೆನಪಿಸಿಕೊಳ್ಳಿ. ಅನೇಕ ಶಾಲೆಗಳಲ್ಲಿ ಅದು ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿರುವ ಒಂದು ಕಬ್ಬಿಣದ ಬೀರು. ಪುಸ್ತಕಗಳು ಹರಿಯದೆ, ಕಳೆಯದೆ ಭದ್ರವಾಗಿವೆ. ಅವನ್ನು ಓದಿದ ಮಕ್ಕಳು ಮಾತ್ರ ಕಡಿಮೆ. ಕಾರಣ ಕೇಳಿದರೆ ಅನುದಾನವಿಲ್ಲ, ಗ್ರಂಥಪಾಲಕರಿಲ್ಲ, ಸ್ಥಳವಿಲ್ಲ ಎಂಬ ಉತ್ತರ ಬರುತ್ತದೆ. ಈ ಉತ್ತರ ಸುಳ್ಳೇನಲ್ಲ. ಆದರೆ ಓದುಗನನ್ನು ಬರಮಾಡಿಕೊಳ್ಳಲು ಏನೇನು ಬೇಕು, ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಒಂದು ಲೆಕ್ಕಪತ್ರವೇ ಉಳಿದುಬಂದಿದೆ. ಅದನ್ನು ನಾವು ನೋಡಬೇಕು.

ಕೈರೋದ ಲೆಕ್ಕಪತ್ರ

ಹಿಜರಿ 395ರಲ್ಲಿ, ಅಂದರೆ ಕ್ರಿ.ಶ. 1005ರಲ್ಲಿ, ಫಾತಿಮೀ ಖಲೀಫ ಅಲ್-ಹಾಕಿಮ್ ಕೈರೋದಲ್ಲಿ 'ದಾರುಲ್ ಇಲ್ಮ್' ಎಂಬ ವಿದ್ಯಾಕೇಂದ್ರವನ್ನು ತೆರೆದನು. ಅರಮನೆಯ ಪುಸ್ತಕಗಳು ಅಲ್ಲಿಗೆ ಬಂದವು. ಓದಲು ಬಂದವರಿಗೂ ನಕಲು ಮಾಡಿಕೊಳ್ಳಲು ಬಂದವರಿಗೂ ಬಾಗಿಲು ತೆರೆದಿತ್ತು. ಕಾಗದ, ಶಾಯಿ, ಲೇಖನಿಗಳು ಉಚಿತವಾಗಿದ್ದವು. 15ನೇ ಶತಮಾನದ ಈಜಿಪ್ಟಿನ ಇತಿಹಾಸಕಾರ ಅಲ್-ಮಖ್ರೀಝಿ ಇದರ ವಾರ್ಷಿಕ ಖರ್ಚಿನ ವಿವರವನ್ನು ದಾಖಲಿಸಿದ್ದಾನೆ. ಒಟ್ಟು ಖರ್ಚು 257 ದೀನಾರ್. ಪ್ರತಿ ಬರೆಯುವವರ ಕಾಗದಕ್ಕೆ 90, ಗ್ರಂಥಪಾಲಕನಿಗೆ 48, ಹರಿದ ಪುಸ್ತಕಗಳ ದುರಸ್ತಿಗೆ 12 ದೀನಾರ್. ಇನ್ನುಳಿದ ಬಾಬುಗಳನ್ನು ಗಮನಿಸಿ: ಚಾಪೆಗಳಿಗೆ 10, ಕುಡಿಯುವ ನೀರಿಗೆ 12, ಬಾಗಿಲ ಪರದೆಯ ರಿಪೇರಿಗೆ 1, ಚಳಿಗಾಲದ ದಪ್ಪ ಪರದೆಗಳಿಗೆ 5, ಚಳಿಗಾಲದ ಜಮಖಾನೆಗಳಿಗೆ 4.

ಈ ಕೊನೆಯ ಐದನ್ನು ಕೂಡಿಸಿದರೆ 32 ದೀನಾರ್ ಆಗುತ್ತದೆ. ಒಟ್ಟು ಖರ್ಚಿನ ಎಂಟನೇ ಒಂದು ಭಾಗ! ಓದುಗ ಎಲ್ಲಿ ಕೂರುತ್ತಾನೆ, ಬಾಯಾರಿದರೆ ಏನು ಕುಡಿಯುತ್ತಾನೆ, ಚಳಿಯಾದರೆ ಏನು ಮಾಡುತ್ತಾನೆ ಎಂದು ಯಾರೋ ಕುಳಿತು ಯೋಚಿಸಿದ್ದರು. ಖಲೀಫನ ಗ್ರಂಥಭಂಡಾರ ನಮ್ಮಿಂದ ಆಗದ ಮಾತು. ಆ ಚಾಪೆ ಮತ್ತು ನೀರಿನ ಹೂಜಿ ಯಾವ ಶಾಲೆಯಿಂದ ಆಗದು?

ಮರ್ವ್‌ನ ನಂಬಿಕೆ

ಎರಡನೆಯ ಪಾಠ ಇಂದಿನ ತುರ್ಕ್‌ಮೆನಿಸ್ತಾನದಲ್ಲಿರುವ ಮರ್ವ್ ನಗರದ್ದು. 13ನೇ ಶತಮಾನದ ಆರಂಭದಲ್ಲಿ ಅಲ್ಲಿಗೆ ಯಾಖೂತ್ ಅಲ್-ಹಮವಿ ಎಂಬ ವಿದ್ವಾಂಸ ಬಂದನು. ಬಾಲ್ಯದಲ್ಲಿ ಗುಲಾಮನಾಗಿ ಬಗ್ದಾದಿನ ವ್ಯಾಪಾರಿಯೊಬ್ಬನಿಗೆ ಮಾರಾಟವಾಗಿದ್ದವನು; ಬಿಡುಗಡೆಯಾದ ಮೇಲೆ ಪುಸ್ತಕಗಳ ನಕಲು ಮತ್ತು ವ್ಯಾಪಾರದಿಂದ ಬದುಕಿದವನು. ಮರ್ವ್‌ನಲ್ಲಿ ಆಗ ವಕ್ಫ್‌ಗೆ ಸೇರಿದ 10 ಗ್ರಂಥಭಂಡಾರಗಳಿದ್ದವು. ಅಲ್ಲಿಂದ ತಂದ ಸುಮಾರು 200 ಸಂಪುಟಗಳು ಸದಾ ತನ್ನ ಮನೆಯಲ್ಲಿರುತ್ತಿದ್ದವು, ಹೆಚ್ಚಿನವಕ್ಕೆ ಯಾವ ಅಡವನ್ನೂ ಕೇಳುತ್ತಿರಲಿಲ್ಲ ಎಂದು ಅವನೇ ಕೃತಜ್ಞತೆಯಿಂದ ಬರೆದಿದ್ದಾನೆ.

1219ರಲ್ಲಿ ಮಂಗೋಲರ ದಾಳಿಯ ಸುದ್ದಿ ಕೇಳಿ ಅವನು ಮರ್ವ್ ಬಿಟ್ಟನು. 1221ರಲ್ಲಿ ನಗರ ನಾಶವಾಯಿತು, ಗ್ರಂಥಭಂಡಾರಗಳೂ ಹೋದವು. ಆದರೆ ಅಲ್ಲಿ ಓದಿ ಟಿಪ್ಪಣಿ ಮಾಡಿಕೊಂಡಿದ್ದನ್ನು ಯಾಖೂತ್ ತನ್ನ 'ಮುಅ್‌ಜಮುಲ್ ಬುಲ್ದಾನ್' ಎಂಬ ಬೃಹತ್ ಭೂಗೋಳ ಕೋಶದಲ್ಲಿ ಸೇರಿಸಿದನು. ಅದು ಇಂದಿಗೂ ನಮ್ಮ ಕೈಯಲ್ಲಿದೆ. ಓದುಗರೇ, ಇಲ್ಲಿ ನಿಂತು ಯೋಚಿಸಿ. ಕಪಾಟಿನಲ್ಲಿದ್ದದ್ದು ನಾಶವಾಯಿತು, ನಂಬಿ ಕೊಟ್ಟದ್ದು ಉಳಿಯಿತು.

ನಮ್ಮ ನಾಡಿನಲ್ಲಿ

ಆಧುನಿಕ ಭಾರತದಲ್ಲಿ ಇದೇ ಮಾತನ್ನು ಶಾಸ್ತ್ರವಾಗಿ ಕಟ್ಟಿದವರು ಡಾ. ಎಸ್.ಆರ್. ರಂಗನಾಥನ್. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು ಓದುಗರೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳುವ ಪದ್ಧತಿಯನ್ನು ತಂದರು. ಪುಸ್ತಕದ ಸಾರ್ಥಕತೆ ಅದರ ಬಳಕೆಯಲ್ಲಿದೆ ಎಂಬುದು 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದರ ಸಾರ. ಅದೇ ವರ್ಷ ಮನ್ನಾರ್‌ಗುಡಿಯಲ್ಲಿ ಎತ್ತಿನಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೋಗುವ ಗ್ರಂಥಾಲಯ ಆರಂಭವಾಯಿತು. ಮುಂದೆ 1962ರಲ್ಲಿ ಅವರು ಬೆಂಗಳೂರಿನಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದರು.

ಇನ್ನೂ ಹತ್ತಿರದ ಉದಾಹರಣೆ ಬೇಕೆ? ಮೈಸೂರಿನ ಸೈಯದ್ ಇಸಾಕ್ ಅವರನ್ನು ನೋಡಿ. ಸ್ವತಃ ಶಿಕ್ಷಣ ಸಿಗದೆ ಕೂಲಿ ಮಾಡಿ ಬದುಕಿದ ಅವರು 2011ರಲ್ಲಿ ತಮ್ಮ ಬಡಾವಣೆಯ ಜನರಿಗಾಗಿ ಗ್ರಂಥಾಲಯ ತೆರೆದರು. ಅಲ್ಲಿ ಸುಮಾರು 11,000 ಪುಸ್ತಕಗಳು ಸೇರಿದ್ದವು, ಹೆಚ್ಚಿನವು ಕನ್ನಡದವು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾದಾಗ ಜಾತಿ ಮತ ನೋಡದೆ ಜನ ನೆರವಿಗೆ ಮುಂದಾದರು, ಪುಸ್ತಕ ಕೊಟ್ಟರು. ಜನರಿಗೆ ಬಾಗಿಲು ತೆರೆದಿಟ್ಟಿದ್ದ ಗ್ರಂಥಾಲಯವನ್ನು ಜನ ಕೈಬಿಡಲಿಲ್ಲ.

ನಾವು ಮಾಡಬಹುದಾದದ್ದು

ಮೊದಲ ಹೆಜ್ಜೆ ಇಡಬೇಕಾದವರು ಆಡಳಿತ ಮಂಡಳಿಯ ಸದಸ್ಯರು. ಪುಸ್ತಕ ಕಳೆದರೆ ತನ್ನ ಸಂಬಳದಿಂದ ಹಿಡಿಯುತ್ತಾರೆ ಎಂಬ ಭಯವಿರುವ ಶಿಕ್ಷಕ ಬೀಗ ತೆರೆಯುವುದಿಲ್ಲ. ವರ್ಷಕ್ಕೆ ಇಷ್ಟು ಪುಸ್ತಕ ಹರಿಯುವುದು, ಕಳೆಯುವುದು ಸಹಜ, ಅದಕ್ಕೆ ಶಿಕ್ಷಕರು ಹೊಣೆಯಲ್ಲ ಎಂದು ಸಭೆಯಲ್ಲಿ ಒಂದು ನಿರ್ಣಯ ಬರೆಯಿರಿ. ಇದಕ್ಕೆ ಒಂದು ರೂಪಾಯಿಯೂ ಬೇಡ. ಇನ್ನು ದಾನಿಗಳು ಹೊಸ ಬೀರು ಕೊಡಿಸುವ ಮೊದಲು ನಾಲ್ಕು ಚಾಪೆ ಕೊಡಿಸಲಿ.

ಶಿಕ್ಷಕರೇ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಪ್ರತಿದಿನ ಅರ್ಧ ಗಂಟೆ ತಪ್ಪದೆ ಬಾಗಿಲು ತೆರೆಯಿರಿ. ಪುಸ್ತಕಗಳ ಬೆನ್ನಿನ ಬದಲು ಮುಖಪುಟ ಕಾಣುವಂತೆ ಕಿಟಕಿಯ ಕಟ್ಟೆಯ ಮೇಲೆ, ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಜೋಡಿಸಿರಿ. ಸಣ್ಣ ಮಕ್ಕಳ ಪುಸ್ತಕ ಅವರ ಕೈಗೆಟುಕುವಷ್ಟು ಕೆಳಗಿರಲಿ.

ವಿದ್ಯಾರ್ಥಿಗಳೇ, ರಿಜಿಸ್ಟರ್ ಬರೆಯುವ, ಹರಿದ ಹಾಳೆಗೆ ಗೋಂದು ಹಚ್ಚುವ, ರಟ್ಟು ಕಟ್ಟುವ ಕೆಲಸವನ್ನು ನೀವೇ ಕೇಳಿ ಪಡೆಯಿರಿ. ಕೈರೋದವರು ಅದಕ್ಕೆ 12 ದೀನಾರ್ ಕೊಟ್ಟರು. ನಿಮ್ಮ ಶಾಲೆಗೆ ನಿಮ್ಮ ಕೈಗಳಿವೆ. ಓದಿದ ಪುಸ್ತಕದ ಬಗ್ಗೆ ಎರಡು ಸಾಲು ಬರೆದು ಗೋಡೆಗೆ ಅಂಟಿಸಿರಿ. ನಿಮ್ಮ ಗೆಳೆಯನ ಮೇಲೆ ಅದು ಶಿಕ್ಷಕರ ಉಪದೇಶಕ್ಕಿಂತ ಹೆಚ್ಚು ಪರಿಣಾಮ ಮಾಡೀತು.

ಕೆಲವು ಪುಸ್ತಕಗಳು ಖಂಡಿತ ಕಳೆಯುತ್ತವೆ, ಕೆಲವು ಹರಿಯುತ್ತವೆ. ಆದರೆ ಬೀರುವಿನೊಳಗೆ ಗೆದ್ದಲಿಗೆ ಸಿಗುವ ಪುಸ್ತಕವೂ ಕಳೆದ ಪುಸ್ತಕವೇ. ನಮ್ಮ ಶಾಲೆಯ ಯಾವ ಮಗು ನಾಳೆಯ ಯಾಖೂತ್ ಆದೀತೆಂದು ನಮಗೆ ಗೊತ್ತಿಲ್ಲ. ಆ ಮಗುವಿನ ಕೈಗೆ ಈ ವರ್ಷವೇ ಒಂದು ಪುಸ್ತಕ ಸಿಗಲಿ.