ಆಶ್ರಯದಿಂದ ಸಹಪಂಕ್ತಿಗೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಅಂಗವಿಕಲ ಮಗು ಹುಟ್ಟಿದ ಮನೆಗೆ ಬಂದವರು ‘ಯಾವ ಜನ್ಮದ ಕರ್ಮವೋ’ ಎಂದು ನಿಟ್ಟುಸಿರು ಬಿಡುವುದು ಇನ್ನೂ ನಿಂತಿಲ್ಲ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರ ಪ್ರಶ್ನೆಯೂ ಇಂಥದ್ದೇ: ಇದು ಯಾರ ಪಾಪದ ಫಲ? ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದ. ಅದನ್ನು ಅರಗಿಸಿಕೊಳ್ಳಲು ಕ್ರೈಸ್ತ ಚಿಂತನೆಗೆ ಶತಮಾನಗಳೇ ಬೇಕಾದವು.

ವಿವೇಚನಾಶಕ್ತಿ ಉಳ್ಳವನೇ ವ್ಯಕ್ತಿ ಎಂದು 6ನೇ ಶತಮಾನದಲ್ಲಿ ತತ್ವಜ್ಞಾನಿ ಬೊಯೇಥಿಯಸ್ ಹೇಳಿದ; ಧರ್ಮಶಾಸ್ತ್ರಕ್ಕೆ ಅದು ಅಳತೆಗೋಲಾಯಿತು. ಮನುಷ್ಯನಲ್ಲಿರುವ ದೇವರ ಸ್ವರೂಪ ಬುದ್ಧಿಯಲ್ಲಿದ್ದರೆ ಬುದ್ಧಿ ಬೆಳೆಯದ ಮಗುವಿನ ಗತಿಯೇನು? ಜಪ, ಪಾಠ ಒಪ್ಪಿಸಲಾರದ ಮಗುವಿಗೆ ಪರಮಪ್ರಸಾದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಕೊಡಬಹುದೇ ಎಂಬ ಅನುಮಾನದ ಬೇರೂ ಇಲ್ಲೇ ಇದೆ. 1979ರಲ್ಲಿ ನೀತಿಚಿಂತಕ ಪೀಟರ್ ಸಿಂಗರ್ ದೇವರನ್ನು ಬದಿಗಿಟ್ಟು ಅಂಥದ್ದೇ ಅಳತೆಗೋಲು ಹಿಡಿದರು. ತೀವ್ರ ವೈಕಲ್ಯದ ನವಜಾತ ಶಿಶುವನ್ನು ಕೊಲ್ಲುವುದು ಎಲ್ಲ ಸಂದರ್ಭದಲ್ಲೂ ತಪ್ಪಲ್ಲ ಎನ್ನುವವರೆಗೆ ಹೋದರು.

ಸೇವೆ ಚಿಂತನೆಗಿಂತ ಮುಂದಿತ್ತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಊರು ಹೊರದೂಡಿದವರಿಗೆ ಅದು ಜೀವದಾನ. ಆದರೂ ಕೊಡುವ ಕೈ, ಬೇಡುವ ಕೈ ಬೇರೆಬೇರೆಯಾಗಿಯೇ ಉಳಿದವು.

ಆ ಅಂತರ ಅಳಿಸಲು ಹೊರಟದ್ದು ಫ್ರಾನ್ಸ್‌ನಲ್ಲಿ 1964ರಲ್ಲಿ ಜಾನ್ ವಾನಿಯೆ ಆರಂಭಿಸಿದ ‘ಲಾರ್ಶ್’. ಅದರ ಭಾರತದ ಮೊದಲ ಮನೆ, ‘ಆಶಾ ನಿಕೇತನ’, 1970ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಬೌದ್ಧಿಕ ವೈಕಲ್ಯ ಇದ್ದವರೂ ಇಲ್ಲದವರೂ, ಹಿಂದೂ, ಮುಸ್ಲಿಂ, ಕ್ರೈಸ್ತರೆನ್ನದೆ, ಒಂದೇ ಸೂರಿನಡಿ ಅಡುಗೆ ಮಾಡಿ ಒಟ್ಟಿಗೆ ಉಣ್ಣುವ ಮನೆ ಅದು. ನನ್ನ ಮಟ್ಟಿಗೆ ಆ ಊಟದ ಸಾಲು ಎಷ್ಟೋ ಗ್ರಂಥಗಳಿಗಿಂತ ದೊಡ್ಡದು. ಆದರೆ ವಾನಿಯೆ ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು 2020ರಲ್ಲಿ ಲಾರ್ಶ್ ಸಂಸ್ಥೆಯೇ ಪ್ರಕಟಿಸಿತು. ನೊಂದವರಿಗೆ ಆ ಸತ್ಯ ಸಲ್ಲಲೇಬೇಕಿತ್ತು. ದುರ್ಬಲರ ಹೆಸರಿನಲ್ಲಿ ಯಾರನ್ನೂ ಸಂತರಾಗಿಸಬಾರದೆಂಬ ಎಚ್ಚರವೂ ಈಗ ವೈಕಲ್ಯ ಕುರಿತ ಕ್ರೈಸ್ತ ಚಿಂತನೆಯ ಭಾಗ.

ಚಿಂತನೆಯಲ್ಲಿ ದೊಡ್ಡ ತಿರುವು ಬಂದದ್ದು 1994ರಲ್ಲಿ. ಹುಟ್ಟಿನಿಂದಲೇ ಮೂಳೆಯ ದೋಷವಿದ್ದ ಧರ್ಮಶಾಸ್ತ್ರಜ್ಞೆ ನ್ಯಾನ್ಸಿ ಐಸ್‌ಲ್ಯಾಂಡ್ ‘ದಿ ಡಿಸೇಬಲ್ಡ್ ಗಾಡ್’ (ಅಂಗವಿಕಲ ದೇವರು) ಬರೆದರು. ಪುನರುತ್ಥಾನವಾದ ಮೇಲೂ ಕ್ರಿಸ್ತನ ಕೈಕಾಲುಗಳಲ್ಲಿ ಗಾಯಗಳಿದ್ದವಲ್ಲ, ಹಾಗಾದರೆ ಊನಗೊಂಡ ದೇಹ ದೇವರದೇ ದೇಹ ಎಂಬುದು ಅವರ ವಾದ. 1998ರ ಹರಾರೆ ಮಹಾಸಭೆಯ ಹೊತ್ತಿಗೆ ಜಾಗತಿಕ ಚರ್ಚ್ ಮಂಡಳಿಯಲ್ಲಿ ಅಂಗವಿಕಲರ ಜಾಲವೇ ರೂಪುಗೊಂಡಿತು. 2008ರಲ್ಲಿ ಧರ್ಮಶಾಸ್ತ್ರಜ್ಞ ಹಾನ್ಸ್ ರೈಂಡರ್ಸ್ ಇನ್ನೂ ಆಳಕ್ಕಿಳಿದರು: ಸಂಬಂಧ ಬೆಳೆಸುವ ಸಾಮರ್ಥ್ಯವನ್ನೂ ಅಳತೆಗೋಲಾಗಿಸಬೇಡಿ, ದೇವರು ಪ್ರೀತಿಸುತ್ತಾನೆ, ಮನುಷ್ಯರಾಗಲು ಅಷ್ಟೇ ಸಾಕು.

ಆದರೆ ಈ ಪಾಶ್ಚಾತ್ಯ ಗ್ರಂಥಗಳಿಗೆ ಜಾತಿಯ ಬಿಸಿ ತಟ್ಟಿಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ. ಸೊಂಟ, ಮಂಡಿ ಸವೆದು ನಡೆಯಲಾರದವರಲ್ಲಿ ಹೆಚ್ಚಿನವರು ದಲಿತರು. ದೇಹದ ನೋವು, ಜಾತಿಯ ದೂರ ಎರಡನ್ನೂ ಒಟ್ಟಿಗೆ ನೋಡದ ನೀತಿಶಾಸ್ತ್ರ ಮಲೆನಾಡಿಗೆ ಸಾಲದು.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾನೂನು ವೈಕಲ್ಯದ ವಿಧಗಳನ್ನು 7ರಿಂದ 21ಕ್ಕೆ ಏರಿಸಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾಗಿ ಅಂಗವಿಕಲರನ್ನೇ ನೇಮಿಸುತ್ತಾರೆ. ಈ ವಿಷಯದಲ್ಲಿ ಚರ್ಚ್‌ಗಿಂತ ಸರ್ಕಾರವೇ ಮುಂದಿದೆ. ನಮ್ಮ ಮೂರು ತಾಲ್ಲೂಕುಗಳ ಕ್ರೈಸ್ತ ಸಭೆಗಳಿಗೆ ನನ್ನ ಕೋರಿಕೆ ಇಷ್ಟೇ: ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸಿ, ಜೊತೆಗೆ ಬೈಬಲ್ ವಾಚನಕ್ಕೂ ಆಡಳಿತ ಸಮಿತಿಗೂ ಅಂಗವಿಕಲರನ್ನು ಕರೆಯಿರಿ.