ಮೊದಲು ರೊಕ್ಕ ಕಟ್ಟುವವರು ಯಾರು?

ಸೈದಾಪುರದ ರೈಲು ನಿಲ್ದಾಣಕ್ಕೆ ಬಹುಕಾಲ ಸೈದಾಪುರವೆಂಬ ಹೆಸರೇ ಇರಲಿಲ್ಲ. ಮುಂಬಯಿಯ ಕಡೆಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಗಳು ಕಲಬುರಗಿ, ಯಾದಗಿರಿಗಳನ್ನು ಹಾದು, ಕೃಷ್ಣೆಯನ್ನು ದಾಟಿ, 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಗಳೊಡನೆ ಕೂಡಿಕೊಂಡವು. ಆ ದಾರಿಯಲ್ಲಿದ್ದ ಈ ಊರಿನ ನಿಲ್ದಾಣವು, ಸೀರೆಗಳಿಗೆ ಹೆಸರಾದ ನಾರಾಯಣಪೇಟೆಗೆ ಹೋಗುವವರು ಇಳಿಯಬೇಕಾದ ತಾಣವೆಂಬ ಕಾರಣದಿಂದ, ‘ನಾರಾಯಣಪೇಟ್ ರೋಡ್’ ಎಂಬ ಹೆಸರನ್ನು ಪಡೆಯಿತು. ಹತ್ತಿಯ ಅಂಡಿಗೆಗಳೂ ತೊಗರಿಯ ಚೀಲಗಳೂ ಗುಳೆ ಹೊರಟ ಸಂಸಾರಗಳೂ ಹತ್ತಿದ ಈ ಕಟ್ಟೆಯಿಂದಲೇ, ಊರಿನ ಔಷಧಕ್ಕೆ ಬಗ್ಗದ ರೋಗವುಳ್ಳವರೂ ದೂರದ ಪಟ್ಟಣಗಳಿಗೆ ಹೊರಟಿರುವರು.

ಒಂದು ಬೆಳಗಿನ ಜಾವ ಅಲ್ಲಿಯೇ ನಾನು ಕಂಡ ಒಂದು ನೋಟವು ಈ ಬರಹಕ್ಕೆ ಮೂಲವಾಯಿತು. ವಯಸ್ಸಾದ ತಾಯಿಯೊಬ್ಬಳು ಕಲ್ಲುಬೆಂಚಿನ ಮೇಲೆ ಮುದುಡಿ ಕುಳಿತಿದ್ದಳು; ಮಗನ ಕೈಯಲ್ಲಿ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲವಿತ್ತು, ಅದರ ಬಾಯಿಯಿಂದ ಎಕ್ಸ್-ರೇ ಹಾಳೆಯ ಒಂದು ಮೂಲೆ ಹೊರಗೆ ಚಾಚಿಕೊಂಡಿತ್ತು. ರೈಲಿನ ಸದ್ದು ಕೇಳುತ್ತಲೇ ಆಕೆ, “ಕಾರ್ಡ್ ತೊಗೊಂಡಿ ಇಲ್ಲೋ ಯಪ್ಪಾ?” ಎಂದು ಕೇಳಿದಳು. “ತೊಗೊಂಡೀನಬೇ, ನೀ ಕೂಡು,” ಎಂದು ಆತನು ಚೀಲದೊಳಕ್ಕೆ ಕೈಯಿಟ್ಟು, ಎಕ್ಸ್-ರೇಯನ್ನು ಬದಿಗೆ ಸರಿಸಿ, ಬಟ್ಟೆಯಲ್ಲಿ ಸುತ್ತಿದ್ದ ರೇಷನ್ ಕಾರ್ಡನ್ನು ಮುಟ್ಟಿ ನೋಡಿದನು. ರೋಗವನ್ನು ತೋರಿಸುವ ಹಾಳೆಗಿಂತ ಬಡತನವನ್ನು ತೋರಿಸುವ ಕಾಗದಕ್ಕೇ ಅಲ್ಲಿ ಹೆಚ್ಚಿನ ಜತನವಿತ್ತು. ದವಾಖಾನೆಯ ಬಾಗಿಲಲ್ಲಿ ಮೊದಲು ರೊಕ್ಕ ಕಟ್ಟುವವರು ಯಾರೆಂಬ ಪ್ರಶ್ನೆಗೆ ಆ ಕಾಗದವೇ ಉತ್ತರವಾದುದು ಹೇಗೆಂಬುದು, ಈ ಸೀಮೆಯ ಚರಿತ್ರೆಯಲ್ಲಿ ಬಹು ಇತ್ತೀಚಿನ, ಆದರೆ ಬಹು ಗಂಭೀರವಾದ ಒಂದು ಅಧ್ಯಾಯ.

1948ರ ಸೆಪ್ಟೆಂಬರಿನವರೆಗೆ ಈ ಪ್ರಾಂತವು ನಿಜಾಮರ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದಿತು. ಆಸ್ಪತ್ರೆಗೆ ದವಾಖಾನೆಯೆಂಬ ಹೆಸರು ಇಲ್ಲಿ ಉಳಿದುಬಂದಿರುವುದು ಆ ಕಾಲದ ಗುರುತು. ದೊಡ್ಡ ರೋಗಕ್ಕೆ ದೊಡ್ಡ ದವಾಖಾನೆಯೆಂದರೆ ಹೈದರಾಬಾದೇ. 1908ರ ಮೂಸಿ ನದಿಯ ಮಹಾಪೂರದಲ್ಲಿ ಹಳೆಯ ಆಸ್ಪತ್ರೆ ಹಾಳಾದ ಮೇಲೆ ಅದೇ ನದಿಯ ದಡದಲ್ಲಿ ಎದ್ದ ಉಸ್ಮಾನಿಯಾ ಆಸ್ಪತ್ರೆಯ ಗುಮ್ಮಟಗಳನ್ನು ಕಂಡು ಬಂದವರು ಊರಿನಲ್ಲಿ ಅದನ್ನು ವರ್ಣಿಸುತ್ತಿದ್ದರು. ಚಿಕಿತ್ಸೆಗೆ ಶುಲ್ಕವಿಲ್ಲದಿದ್ದರೂ ಪ್ರಯಾಣಕ್ಕೆ, ಜೊತೆಗೆ ಹೋದವರ ಊಟಕ್ಕೆ, ಹೊಲದಲ್ಲಿ ನಿಂತುಹೋದ ಕೆಲಸಕ್ಕೆ ರೊಕ್ಕ ಬೇಕಷ್ಟೆ. ಆ ರೊಕ್ಕ ಬರುತ್ತಿದ್ದುದು ಅಡತಿ ಅಂಗಡಿಯಿಂದ. ಮುಂದೆ ಬರುವ ಹತ್ತಿಯನ್ನೂ ತೊಗರಿಯನ್ನೂ ತನ್ನ ಅಂಗಡಿಗೇ ತಂದು ಹಾಕಬೇಕೆಂಬ ಕರಾರಿನ ಮೇಲೆ ಸಾಹುಕಾರನು ಕೊಟ್ಟ ಸಾಲವು, ರೋಗಿ ಗುಣವಾದರೂ ಗತಿಸಿದರೂ ಒಂದೇ ಸಮನೆ ಬೆಳೆಯುತ್ತಿತ್ತು. ಎರಡು ಮಳೆಗಾಲ ಕೈಕೊಟ್ಟರೆ ಹೊಲವೇ ಒತ್ತೆಗೆ ಹೋಗುತ್ತಿತ್ತು. ಮನೆಯೊಂದರ ಜಮೀನು ಕೈಬಿಟ್ಟ ಕಥೆಯನ್ನು ಈ ಭಾಗದ ಹಿರಿಯರ ಬಾಯಿಂದ ಕೇಳಿದರೆ, ಅದರ ಮೊದಲಿಗೆ ಒಂದು ಮದುವೆಯೋ ಒಂದು ಕಾಯಿಲೆಯೋ ಇದ್ದೇ ಇರುತ್ತದೆ.

ಈ ಕತ್ತಲೆಯ ನಡುವೆ ಅಮೆರಿಕದ ಹೆಸರು ಯಾದಗಿರಿಯವರಿಗೆ ಆಸ್ಪತ್ರೆಯ ಮೂಲಕವೂ ಪರಿಚಿತವಾಯಿತೆಂಬುದು ಸ್ಮರಣೀಯ. ಅಲ್ಲಿಯ ಮೆಥಡಿಸ್ಟ್ ಮಿಷನ್ನವರ ಹೋಲ್‌ಸ್ಟನ್ ಆಸ್ಪತ್ರೆಗೆ ಆ ಹೆಸರು ಬಂದುದು ಟೆನ್ನೆಸಿ ರಾಜ್ಯದ ಪೂರ್ವದ ಗುಡ್ಡಗಾಡಿನ ಚರ್ಚುಗಳ ಮಂಡಲದಿಂದ. ತಾವು ಎಂದೂ ಕಾಣದ ಭೀಮಾತೀರದ ರೋಗಿಗಳಿಗಾಗಿ ಆ ಚರ್ಚುಗಳ ಜನರು ಕಾಣಿಕೆಯನ್ನಿತ್ತರು. ಅನೇಕರ ಚಿಕ್ಕ ಕಾಣಿಕೆ ಒಟ್ಟುಗೂಡಿ ಒಬ್ಬನ ದೊಡ್ಡ ಸಂಕಟವನ್ನು ಹೊರುವುದೇ ವಿಮೆಯ ತಿರುಳಾದರೂ, ಕಾಣಿಕೆ ದಾನವೇ ಹೊರತು ಹಕ್ಕಲ್ಲ. ಅಮೆರಿಕದಲ್ಲಿ ಅದು ಹಕ್ಕಿನ ರೂಪವನ್ನು ತಳೆದುದು ಮತ್ತೊಂದು ಮೂಲೆಯಲ್ಲಿ.

1929ರಲ್ಲಿ ಟೆಕ್ಸಸ್ ಪ್ರಾಂತದ ಡಾಲಸ್ ನಗರದ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಆಡಳಿತವನ್ನು ನೋಡುತ್ತಿದ್ದ ಜಸ್ಟಿನ್ ಫೋರ್ಡ್ ಕಿಂಬಲ್ ಎಂಬವರು ಹಿಂದೆ ಅದೇ ನಗರದ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದವರು. ಆಸ್ಪತ್ರೆಯ ಬಾಕಿಯ ಪುಸ್ತಕವನ್ನು ತಿರುವಿದಾಗ ತಮಗೆ ಪರಿಚಿತರಾದ ಉಪಾಧ್ಯಾಯರ ಹೆಸರುಗಳೇ ಅದರಲ್ಲಿ ಕಂಡುಬಂದವು. ತಿಂಗಳಿಗೆ 50 ಸೆಂಟುಗಳನ್ನು ಮುಂಗಡವಾಗಿ ಕೊಡುವ ಉಪಾಧ್ಯಾಯರಿಗೆ ವರ್ಷದಲ್ಲಿ 21 ದಿನಗಳ ಆಸ್ಪತ್ರೆವಾಸವನ್ನು ಒದಗಿಸುವುದೆಂದು ಅವರು ಗೊತ್ತುಮಾಡಿದರು. ಬೆನ್ನಿಗೇ ಬಂದ ಆರ್ಥಿಕ ಕುಸಿತದಲ್ಲಿ ಹಾಸಿಗೆಗಳು ಬರಿದಾದ ಅನೇಕ ಆಸ್ಪತ್ರೆಗಳು ಆ ಮಾರ್ಗವನ್ನೇ ಹಿಡಿದುದರಿಂದ ‘ಬ್ಲೂ ಕ್ರಾಸ್’ ಎಂಬ ಪ್ರಖ್ಯಾತ ವ್ಯವಸ್ಥೆ ಬೆಳೆಯಿತು. ಮಹಾಯುದ್ಧದ ಕಾಲದಲ್ಲಿ, 1942ರ ಶಾಸನವು ಸಂಬಳದ ಏರಿಕೆಯನ್ನು ತಡೆಹಿಡಿದಾಗ, ಕೆಲಸಗಾರರನ್ನು ಸೆಳೆಯಲು ಬಯಸಿದ ಕಾರ್ಖಾನೆಗಳು ಸಂಬಳಕ್ಕೆ ಬದಲಾಗಿ ವಿಮೆಯನ್ನು ಕೊಡತೊಡಗಿದವು. 1954ರ ತೆರಿಗೆಯ ಕಾನೂನು ಅದಕ್ಕೆ ಭದ್ರವಾದ ವಿನಾಯಿತಿಯನ್ನಿತ್ತಿತು. ಅಮೆರಿಕದವನ ಆರೋಗ್ಯವು ಅವನ ನೌಕರಿಗೆ ಗಂಟುಬಿದ್ದುದು ಹೀಗೆ. ನೌಕರಿಯ ವಯಸ್ಸು ದಾಟಿದವರಿಗೂ ಕಡುಬಡವರಿಗೂ ಸರಕಾರವೇ ಕಟ್ಟುವ ಮೆಡಿಕೇರ್, ಮೆಡಿಕೇಡ್ ಎಂಬ ಏರ್ಪಾಡುಗಳಿಗಾಗಿ 1965ರವರೆಗೆ ಕಾಯಬೇಕಾಯಿತು.

ಅಲ್ಲಿ ಇಂದಿಗೂ ನಡೆದಿರುವ ಕ್ರಮವನ್ನು, ಮಕ್ಕಳ ಮನೆಗೆ ಹೋಗಿಬಂದ ನಮ್ಮ ಕಡೆಯ ತಂದೆತಾಯಿಗಳು ಬೆರಗಿನಿಂದ ಹೇಳುತ್ತಾರೆ. ವೈದ್ಯನು ಮಾಡಿದ ಪ್ರತಿಯೊಂದು ಕೆಲಸಕ್ಕೂ ಒಂದು ಐದಂಕಿಯ ಸಂಕೇತ. ಆ ಸಂಕೇತಗಳ ಪಟ್ಟಿ ವಿಮಾ ಕಂಪನಿಗೆ ಕ್ಲೈಮಾಗಿ ಹೋಗುತ್ತದೆ. ಕಂಪನಿಯು ಆಸ್ಪತ್ರೆಯೊಡನೆ ತಾನು ಮಾಡಿಕೊಂಡ ಒಪ್ಪಂದದ ದರಕ್ಕೆ ಅದನ್ನು ಇಳಿಸಿ, ವರ್ಷಕ್ಕೆ ಇಷ್ಟು ಡಾಲರಿನವರೆಗೆ ವಿಮೆದಾರನೇ ಭರಿಸತಕ್ಕದ್ದೆಂದು ಮೊದಲೇ ಬರೆದಿಟ್ಟ ಮೊತ್ತವನ್ನು ಕಳೆದು, ಉಳಿದುದರಲ್ಲಿ ತನ್ನ ಪಾಲನ್ನು ಕೊಡುತ್ತದೆ. ವಾರಗಳ ತರುವಾಯ ಮನೆಗೆ ಒಂದು ಪತ್ರ ಬರುತ್ತದೆ. ಅದರಲ್ಲಿ ಅಂಕಿಗಳ ಸಾಲು, ಮೇಲೆ ‘ಇದು ಬಿಲ್ ಅಲ್ಲ’ ಎಂಬ ಒಕ್ಕಣೆ. ನಿಜವಾದ ಬಿಲ್ಲು ಆಮೇಲೆ ಬರುತ್ತದೆ. ಸಂದರ್ಶಕರಾಗಿ ಹೋದ ತಂದೆತಾಯಿಗಳಿಗೆ ಮಗನ ನೌಕರಿಯ ವಿಮೆ ಅನ್ವಯಿಸದು. ಅವರಿಗೆಂದು ಬೇರೆಯಾಗಿ ಕೊಂಡ ವಿಮೆಯು ಮೊದಲಿನಿಂದ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. ಅಪಾರ ಧನವುಳ್ಳ ದೇಶದಲ್ಲಿಯೂ ರೋಗಿಯು ಗುಣವಾಗಿ ಮನೆಗೆ ಬಂದ ಮೇಲೆ ಅಂಚೆಯವನಿಗೆ ಅಂಜಬೇಕಾದ ಈ ಸ್ಥಿತಿಯನ್ನು ನೆನೆದಾಗ ನನಗೆ ನಿಜಕ್ಕೂ ವ್ಯಥೆಯಾಗುತ್ತದೆ.

ಖರ್ಚಾದ ಮೇಲೆ ಹಣ ಕೊಡುವ ಕ್ರಮ ನಮ್ಮಲ್ಲಿಯೂ ಇಲ್ಲದಿಲ್ಲ. 1963ರ ಕರ್ನಾಟಕ ಸರಕಾರಿ ನೌಕರರ ವೈದ್ಯಕೀಯ ಹಾಜರಾತಿ ನಿಯಮಗಳಂತೆ ಮಾಸ್ತರರೂ ತಲಾಟಿಗಳೂ ಮೊದಲು ತಾವು ಖರ್ಚುಮಾಡಿ, ಪ್ರತಿಯೊಂದು ಔಷಧದ ಚೀಟಿಗೂ ವೈದ್ಯರ ಸಹಿ ಹಾಕಿಸಿ, ಮರುಪಾವತಿಗೆ ಅರ್ಜಿ ಸಲ್ಲಿಸುತ್ತ ಬಂದರು. ನಮ್ಮ ಬಂಧುಗಳಾದ ಒಬ್ಬ ಮಾಸ್ತರರು ತಮ್ಮ ಪತ್ನಿಯ ಶಸ್ತ್ರಚಿಕಿತ್ಸೆಯ ಚೀಟಿಗಳನ್ನು ಸೂಜಿದಾರದಿಂದ ಹೊಲಿದು ಕಚೇರಿಗೆ ಒಪ್ಪಿಸಿದುದನ್ನೂ, ಒಂದು ಚೀಟಿಯಲ್ಲಿ ತಾರೀಖು ಅಳಿಸಿದೆಯೆಂದು ಕಡತವು ಹಿಂದಿರುಗಿದುದನ್ನೂ, ರೊಕ್ಕ ಕೈಗೆ ಬರುವಷ್ಟರಲ್ಲಿ ಅದರ ಬಡ್ಡಿಯೇ ಅವರ ಎರಡು ತಿಂಗಳ ಸಂಬಳವನ್ನು ನುಂಗಿದುದನ್ನೂ ನಾನು ಬಲ್ಲೆ. ಸಂಬಳವಿದ್ದ ಅವರು ತಾಳಿಕೊಂಡರು. ಹತ್ತಿ ಬಿಡಿಸುವ ಕೂಲಿಯ ಹೆಣ್ಣುಮಗಳಿಗೆ, ಮೊದಲು ಕಟ್ಟು, ಆಮೇಲೆ ಪಡೆ ಎಂದರೆ, ಕೊಡುವುದಿಲ್ಲ ಎಂದು ಹೇಳಿದಂತೆಯೇ ಸರಿ. ಮರುಪಾವತಿಯೆಂಬುದು ಇದ್ದವರಿಗೆ ಸಲ್ಲುವ ನ್ಯಾಯ. ಇಲ್ಲದವರಿಗೆ ಬೇಕಾದುದು ಆಸ್ಪತ್ರೆಯ ಬಾಗಿಲಲ್ಲಿ ಅವರಿಗಿಂತ ಮೊದಲೇ ಹೋಗಿ ನಿಂತಿರುವ ಹಣ.

ಕನ್ನಡನಾಡಿನಲ್ಲಿ ಅಂಥ ಹಣವನ್ನು ಕೂಡಿಸಿದ ಮೊದಲ ದೊಡ್ಡ ಯತ್ನವು ಸಹಕಾರದ ನೆಲದಿಂದ ಎದ್ದುಬಂದಿತು. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಮೊದಲುಗೊಂಡು ಹಳ್ಳಿಹಳ್ಳಿಗೆ ಹಬ್ಬಿದ ಸಹಕಾರ ಸಂಘಗಳ ಸದಸ್ಯರನ್ನೇ ಆಧಾರವಾಗಿಟ್ಟುಕೊಂಡು, ಹೃದಯತಜ್ಞರಾದ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ, ಸರಕಾರದ ಸಹಕಾರ ಇಲಾಖೆಯ ಮೂಲಕ ‘ಯಶಸ್ವಿನಿ’ ಎಂಬ ಯೋಜನೆಯು 2003ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿತು. ಸದಸ್ಯನು ಕೊಡಬೇಕಾದುದು ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದು; ಮೊದಲ ವರ್ಷದಲ್ಲಿಯೇ ಸುಮಾರು 16 ಲಕ್ಷ ಮಂದಿ ಸೇರಿದರು. ಡಾಲಸ್ಸಿನ 50 ಸೆಂಟುಗಳಿಗೂ ಈ ಐದು ರೂಪಾಯಿಗೂ ಇರುವ ಸಾದೃಶ್ಯ ಆಕಸ್ಮಿಕವಲ್ಲ: ಅಲ್ಲಿ ಬರಿದಾದ ಹಾಸಿಗೆಗಳಿದ್ದಂತೆ, ಇಲ್ಲಿಯೂ ಖಾಸಗಿ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ಕೋಣೆಗಳು ದಿನದ ಬಹುಪಾಲು ಖಾಲಿಯಿದ್ದವು, ಬಡವನಲ್ಲಿ ರೋಗವಿತ್ತು, ರೊಕ್ಕವಿರಲಿಲ್ಲ. ಒಂದು ಭೇದವನ್ನು ಮಾತ್ರ ಗಮನಿಸಬೇಕು. ಆಸ್ಪತ್ರೆಯು ಖರ್ಚುಮಾಡಿದಷ್ಟನ್ನೂ ತೆತ್ತು ಸೋತ ಅಮೆರಿಕದ ಮೆಡಿಕೇರ್, ಇಂಥ ರೋಗಕ್ಕೆ ಇಷ್ಟೇ ಎಂದು ಮುಂಗಡವಾಗಿ ದರ ಕಟ್ಟಲು ತೊಡಗಿದುದು 1983ರಲ್ಲಿ. ಯಶಸ್ವಿನಿಯು ಆ ಪಾಠವನ್ನು ಮೊದಲ ದಿನದಿಂದಲೇ ಅಳವಡಿಸಿಕೊಂಡು, ಪ್ರತಿ ಶಸ್ತ್ರಚಿಕಿತ್ಸೆಗೂ ಪ್ಯಾಕೇಜಿನ ದರವನ್ನು ನಿಗದಿ ಮಾಡಿತು. ಆದರೆ ಸಂಘದ ಸದಸ್ಯತ್ವ ಕಡ್ಡಾಯವಾದುದರಿಂದ, ಹಾಲಿನ ಸಂಘಗಳು ಮೈಸೂರು ಸೀಮೆಯಷ್ಟು ದಟ್ಟವಾಗಿಲ್ಲದ ಈ ಬಯಲಿನಲ್ಲಿ, ಭೂಮಿಯೂ ಎಮ್ಮೆಯೂ ಇಲ್ಲದ ಕೂಲಿಯವನು ಅದರ ಹೊರಗೇ ಉಳಿದನು.

ಅವನಿಗೆ ಮೊದಲು ಆಸೆ ಹುಟ್ಟಿಸಿದುದು ಗಡಿಯಾಚೆಯ ಸುದ್ದಿ. 2007ರ ಏಪ್ರಿಲ್‌ನಲ್ಲಿ ಅಂದಿನ ಆಂಧ್ರಪ್ರದೇಶವು ‘ಆರೋಗ್ಯಶ್ರೀ’ ಯೋಜನೆಯನ್ನು ಮೂರು ಜಿಲ್ಲೆಗಳಲ್ಲಿ ಆರಂಭಿಸಿತು. ಆ ಮೂರರಲ್ಲಿ ಒಂದು ಮಹಬೂಬ್‌ನಗರ, ನಾರಾಯಣಪೇಟೆ ಆಗ ಇದ್ದ ಜಿಲ್ಲೆ. ಸೈದಾಪುರದವರಿಗೆ ಅದು ಪರನಾಡಲ್ಲ. ಹೆಣ್ಣು ಕೊಟ್ಟು ತಂದ ಊರುಗಳು. ಅಲ್ಲಿಯ ಬೀಗರು ಬಿಳಿಯ ರೇಷನ್ ಕಾರ್ಡನ್ನು ತೋರಿಸಿ ಹೈದರಾಬಾದಿನಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡು ಬಿಡಿಗಾಸು ಕೊಡದೆ ಬಂದರೆಂಬ ವಾರ್ತೆ, ಅದೇ ಮಣ್ಣಿನ, ಅದೇ ಬೆಳೆಯ, ಅದೇ ಬಡತನದ ಈಚೆಯ ಹಳ್ಳಿಗಳಿಗೆ ತಲುಪಿದಾಗ, ನಡುವಿನ ಗಡಿಗಲ್ಲು ಎಷ್ಟು ಕಠೋರವಾಗಿ ಕಂಡಿರಬೇಕು!

ಅವರು ಹೆಚ್ಚುಕಡಿಮೆ ಮೂರು ವರ್ಷ ಕಾಯಬೇಕಾಯಿತು. 2009ರ ಡಿಸೆಂಬರ್ 30ರಂದು ಸೈದಾಪುರವೂ ಸೇರಿದ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಅದರ ಬೆನ್ನಿಗೇ, 2010ರ ಫೆಬ್ರುವರಿಯಲ್ಲಿ, ರಾಜ್ಯ ಸರಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ‘ವಾಜಪೇಯಿ ಆರೋಗ್ಯಶ್ರೀ’ ಯೋಜನೆಯು ಗುಲ್ಬರ್ಗಾ ವಿಭಾಗದಲ್ಲಿ ಮೊದಲು ಜಾರಿಗೆ ಬಂದಿತು. ರಾಜ್ಯದ ಎಲ್ಲ ಸೌಲಭ್ಯಗಳೂ ಕೊನೆಗೆ ತಲುಪುವ ಪ್ರದೇಶವೆಂದು ನೊಂದುಕೊಂಡಿದ್ದ ಜನರಿಗೆ ಒಂದು ಒಳ್ಳೆಯದು ಇಲ್ಲಿಂದಲೇ ಶುರುವಾದುದು ಸಣ್ಣ ಸಂಗತಿಯಲ್ಲ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ, ಅಗತ್ಯಬಿದ್ದರೆ ಇನ್ನೂ ಐವತ್ತು ಸಾವಿರ; ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರಗಳ ರೋಗ, ಸುಟ್ಟಗಾಯಗಳಂಥ ದೊಡ್ಡ ಕಾಯಿಲೆಗಳಿಗೆ ಚಿಕಿತ್ಸೆ; ಕುಟುಂಬವು ಕಟ್ಟಬೇಕಾದ ಪ್ರೀಮಿಯಂ ಶೂನ್ಯ. ಆಸ್ಪತ್ರೆಗಳವರು ಹಳ್ಳಿಗಳಲ್ಲಿ ಶಿಬಿರ ಹೂಡಿ ರೋಗಿಗಳನ್ನು ಗುರುತಿಸಿದರು. ಆಸ್ಪತ್ರೆಯ ಮೇಜಿನ ಬಳಿ ‘ಆರೋಗ್ಯಮಿತ್ರ’ನೆಂಬ ನೌಕರನು ಕಾರ್ಡನ್ನು ಪರೀಕ್ಷಿಸಿ, ಟ್ರಸ್ಟಿನಿಂದ ಪೂರ್ವಾನುಮತಿಯನ್ನು ತರಿಸಿಕೊಳ್ಳುತ್ತಿದ್ದನು; ರೋಗಿ ಬಿಡುಗಡೆಯಾದ ಮೇಲೆ ಆಸ್ಪತ್ರೆಯೂ ಟ್ರಸ್ಟೂ ತಮ್ಮ ಲೆಕ್ಕವನ್ನು ತಾವೇ ತೀರಿಸಿಕೊಳ್ಳುತ್ತಿದ್ದವು. ಅಂಕಿಗಳ ಪತ್ರ ರೋಗಿಯ ಮನೆಗೆ ಬರುತ್ತಿರಲಿಲ್ಲ.

ಇದರ ಫಲವನ್ನು ಅಳೆದವರೂ ಉಂಟು. ಯೋಜನೆಯಿದ್ದ ಉತ್ತರದ ಹಳ್ಳಿಗಳನ್ನೂ ಅವುಗಳಿಗೆ ಹೊಂದಿಕೊಂಡೇ ಇದ್ದು ಯೋಜನೆ ಇನ್ನೂ ತಲುಪದಿದ್ದ ದಕ್ಷಿಣದ ಹಳ್ಳಿಗಳನ್ನೂ, ಒಟ್ಟು 572 ಹಳ್ಳಿಗಳನ್ನು, ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಸಂಭವಿಸುವ ಸಾವು, ಯೋಜನೆಯಿದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ 64ರಷ್ಟು ಕಡಿಮೆಯಾಗಿತ್ತು. ನೆರೆಹೊರೆಯ ಊರುಗಳ ನಡುವೆ, ಮೊದಲೇ ಹೋಗಿ ನಿಂತ ಹಣವೊಂದರಿಂದ ಉಂಟಾದ ವ್ಯತ್ಯಾಸವಿದು.

ಕೊರತೆಗಳನ್ನು ಮರೆಮಾಚುವುದು ಸಲ್ಲದು. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಯ ನಿತ್ಯದ ಮಾತ್ರೆ, ಸೊಂಟನೋವಿನ ಸೂಜಿ ಇವೆಲ್ಲ ಈ ಯೋಜನೆಯ ಹೊರಗೆ ಉಳಿದವು; ಹನಿಹನಿಯಾಗಿ ಸೋರುವ ಈ ಖರ್ಚಿಗೆ ಅಡತಿ ಅಂಗಡಿಯ ಬಾಗಿಲೇ ಇನ್ನೂ ಗತಿ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕವು ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡು ಮೊತ್ತವನ್ನು 5 ಲಕ್ಷಕ್ಕೆ ಏರಿಸಿತಾದರೂ, ಬಿಪಿಎಲ್ ಕಾರ್ಡಿಲ್ಲದವರಿಗೆ ಪ್ಯಾಕೇಜಿನ ಶೇ 30 ಮಾತ್ರ ದೊರೆಯುತ್ತದೆ. ಎರಡೆಕರೆಯ ರೈತನ ಕಾರ್ಡು ಯಾವುದೋ ಪರಿಶೀಲನೆಯಲ್ಲಿ ರದ್ದಾಯಿತೆಂದರೆ ಅವನು ಒಂದೇ ದಿನದಲ್ಲಿ ಧನಿಕರ ಸಾಲಿಗೆ ಸೇರಿಹೋಗುತ್ತಾನೆ. ನಿಂತುಹೋಗಿದ್ದ ಯಶಸ್ವಿನಿಯು 2023ರಲ್ಲಿ ಪುನಃ ಆರಂಭವಾದುದು ಅಂಥವನಿಗೆ ಒಂದಿಷ್ಟು ನೆರಳು. ಇತ್ತ ಸೈದಾಪುರದ ಮಗ್ಗುಲಿನ ಕಡೇಚೂರು–ಬಾಡಿಯಾಳದ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಸಾಯನದ ಕಾರ್ಖಾನೆಗಳು ಎದ್ದಿವೆ. 21,000 ರೂಪಾಯಿಯವರೆಗಿನ ಸಂಬಳದ ಕಾರ್ಮಿಕನಿಂದ ಶೇ 0.75, ಮಾಲೀಕನಿಂದ ಶೇ 3.25 ಎಂಬ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ವಂತಿಗೆಯ ಕಾನೂನು ಅಲ್ಲಿಯ ಕೂಲಿಗೂ ಅನ್ವಯಿಸುತ್ತದೆ. ಹೊಲ ಕೊಟ್ಟು ಕಾರ್ಖಾನೆ ಸೇರಿದವನ ಹೆಸರು ಆ ಪಟ್ಟಿಯಲ್ಲಿ ಇರುವಂತೆ ನೋಡಿಕೊಳ್ಳುವುದು ಈ ಊರಿನ ವಿದ್ಯಾವಂತರ ಕೆಲಸವೆಂದು ನಾನು ಭಾವಿಸುತ್ತೇನೆ.

ಹಣವು ಮೊದಲೇ ನಿಂತರೂ ಆಸ್ಪತ್ರೆ ದೂರವಿದ್ದರೆ ದಾರಿಯೇ ರೋಗವಾಗುತ್ತದೆ. ಆರೋಗ್ಯಶ್ರೀಯ ಆರಂಭದ ವರ್ಷಗಳಲ್ಲಿ ದೊಡ್ಡ ಆಸ್ಪತ್ರೆಗಳು ಬಹುಪಾಲು ಬೆಂಗಳೂರಿನಲ್ಲಿಯೇ ಇದ್ದುದರಿಂದ, ಎದೆನೋವಿನವರು ದಕ್ಷಿಣದ ರೈಲು ಹಿಡಿದು ರಾತ್ರಿಯೆಲ್ಲ ಪ್ರಯಾಣ ಮಾಡಬೇಕಿತ್ತು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ತೆರೆದು, 2024ರ ಡಿಸೆಂಬರಿನಲ್ಲಿ ಅದಕ್ಕೆ ಸ್ವಂತ ಕಟ್ಟಡವೂ ಆಯಿತು. ಈ ಪ್ರದೇಶಕ್ಕೆ ವಿಶೇಷ ಸ್ಥಾನವಿತ್ತ ಸಂವಿಧಾನದ 371(ಜೆ) ವಿಧಿಯ ನೆನಪಿಗೆಂದು ಅಲ್ಲಿ 371 ಹಾಸಿಗೆಗಳು. ನಾನು ಕಂಡ ಆ ತಾಯಿಯೂ ಮಗನೂ ಹತ್ತಿದುದು ಉತ್ತರಕ್ಕೆ, ಯಾದಗಿರಿ ದಾಟಿ ಕಲಬುರಗಿಗೆ ಹೋಗುವ ಗಾಡಿಯನ್ನು. ಕಿಟಕಿಯ ಪಕ್ಕ ಕುಳಿತ ಮೇಲೆ ಆಕೆ ಆ ಚೀಲವನ್ನು ಮಗನ ಕೈಯಿಂದ ತೆಗೆದುಕೊಂಡು, ಬಾಯಿಯನ್ನು ಎರಡು ಸುತ್ತು ತಿರುಚಿ, ತನ್ನ ಮಡಿಲಲ್ಲಿಯೇ ಇಟ್ಟುಕೊಂಡಳು.